ಹೆಸರಿಲ್ಲದ ಸೇವಕ: ಯೆಶಾಯ 53ರ ಸುತ್ತ ಎರಡು ಸಾವಿರ ವರ್ಷಗಳ ವಾದ

ಶುಭ ಶುಕ್ರವಾರದ ಆರಾಧನೆಯಲ್ಲಿ ಕಥೋಲಿಕ ಚರ್ಚುಗಳ ಮೊದಲ ವಾಚನ ಯೆಶಾಯನ ಗ್ರಂಥದ್ದು. 52ನೇ ಅಧ್ಯಾಯದ 13ನೇ ವಚನದಿಂದ 53ನೇ ಅಧ್ಯಾಯದ ಕೊನೆಯವರೆಗೆ ಓದುತ್ತಾರೆ. ಮಂಗಳೂರಿನ ಚರ್ಚಾಗಲಿ ರೋಮಿನದಾಗಲಿ, ಆ ದಿನದ ಪಾಠ ಅದೇ. ಕೇಳುತ್ತ ಕೂತವರಿಗೆ ಶಿಲುಬೆಯ ಮೇಲಿನ ಯೇಸುವಿನ ಹೊರತು ಬೇರೆ ಚಿತ್ರ ಕಣ್ಣಮುಂದೆ ಬರುವುದು ಕಷ್ಟ. ಯೆಹೂದ್ಯರ ಸಭಾಮಂದಿರಗಳಲ್ಲೂ ಈ ಗ್ರಂಥಕ್ಕೆ ದೊಡ್ಡ ಸ್ಥಾನವಿದೆ. ಜೆರುಸಲೇಮಿನ ದೇವಾಲಯ ನಾಶವಾದುದನ್ನು ನೆನೆಯುವ ಉಪವಾಸದ ನಂತರ ಏಳು ಸಬ್ಬತ್ತುಗಳಲ್ಲಿ ಇದರ ಸಾಂತ್ವನದ ಭಾಗಗಳನ್ನು ಓದುತ್ತಾರೆ. ನಾಲ್ಕನೆಯ ಸಬ್ಬತ್ತಿನ ಓದು 52:12ಕ್ಕೆ ಮುಗಿಯುತ್ತದೆ, ಐದನೆಯದು 54:1ರಿಂದ ಶುರುವಾಗುತ್ತದೆ. ನಡುವಿನ 15 ವಚನಗಳು ಆ ಸರಣಿಯಲ್ಲಿ ಬರುವುದೇ ಇಲ್ಲ.

ಇದನ್ನೇ ಹಿಡಿದು ಎರಡು ಆರೋಪಗಳು ಬಹುಕಾಲದಿಂದ ಓಡಾಡುತ್ತಿವೆ. ಯೆಹೂದ್ಯರು ಈ ಅಧ್ಯಾಯವನ್ನು ಬೇಕೆಂದೇ ಮುಚ್ಚಿಟ್ಟರು ಎಂಬುದು ಒಂದು. ಕ್ರೈಸ್ತರು ಅದನ್ನು ಸಂದರ್ಭದಿಂದ ಕಿತ್ತು ತಮ್ಮದು ಮಾಡಿಕೊಂಡರು ಎಂಬುದು ಇನ್ನೊಂದು. ಎರಡೂ ಜಗಳದ ಬಿಸಿಯಲ್ಲಿ ಹುಟ್ಟಿದ ಮಾತುಗಳು. ಪ್ರವಾದಿಗಳ ಗ್ರಂಥಗಳಲ್ಲಿ ಸಬ್ಬತ್ತಿನ ಓದಿಗೆ ಆಯ್ದುಕೊಂಡದ್ದೇ ಸಣ್ಣ ಪಾಲು; ಬಿಟ್ಟ ಅಧ್ಯಾಯಗಳೇ ಹೆಚ್ಚು. ಮುಚ್ಚಿಡಬೇಕೆಂದವರು ಅದಕ್ಕೆ ತಲೆಮಾರುಗಟ್ಟಲೆ ವ್ಯಾಖ್ಯಾನ ಬರೆಯುತ್ತಿರಲಿಲ್ಲ. ಈ ಒಂದು ಅಧ್ಯಾಯದ ಯೆಹೂದಿ ವ್ಯಾಖ್ಯಾನಗಳನ್ನು ಡ್ರೈವರ್ ಮತ್ತು ನಾಯ್ಬಾವರ್ 1876–77ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಲೆಹಾಕಿದಾಗ ಮೂಲಕ್ಕೊಂದು, ಅನುವಾದಕ್ಕೊಂದು ಎಂದು ಎರಡು ಸಂಪುಟಗಳು ಬೇಕಾದವು. ಇತ್ತ ಈ ಅಧ್ಯಾಯದ ಹೆಸರಿಲ್ಲದ ಸೇವಕನನ್ನು ಮೆಸ್ಸೀಯನೆಂದು, ಅಂದರೆ ದೇವರ ಅಭಿಷಿಕ್ತನೆಂದು, ಓದಿದವರು ಯೆಹೂದ್ಯರಲ್ಲೂ ಇದ್ದರು. ಅದು ಕ್ರೈಸ್ತರೊಬ್ಬರದೇ ಕಲ್ಪನೆಯಲ್ಲ. ಹಾಗಾಗಿ ಯಾರು ಯಾರಿಂದ ಕದ್ದರು ಎಂಬ ಪ್ರಶ್ನೆಯನ್ನು ಬಿಟ್ಟು, ಯಾವ ಪಂಥ ಈ 15 ವಚನಗಳ ಕವಿತೆಯ ಯಾವ ಸಾಲಿನ ಮೇಲೆ ನಿಂತಿದೆ, ಯಾವ ಸಾಲಿನಲ್ಲಿ ಎಡವುತ್ತದೆ ಎಂದು ನೋಡುವುದು ಮೇಲು.

ಕವಿತೆಯ ಒಳಗೆ

ಇಂದಿನ ಬೈಬಲಿನ ಅಧ್ಯಾಯ ವಿಂಗಡಣೆಗೆ ಹೆಸರಾದವರು 13ನೇ ಶತಮಾನದ ಆರಂಭದ ಸ್ಟೀಫನ್ ಲ್ಯಾಂಗ್ಟನ್. ಆ ವಿಂಗಡಣೆಯಲ್ಲಿ ಕವಿತೆಯ ತಲೆ 52ನೇ ಅಧ್ಯಾಯದಲ್ಲಿ ಉಳಿಯಿತು, ಮೈ 53ಕ್ಕೆ ಹೋಯಿತು. ಇದರಿಂದಾದ ಹಾನಿ ಸಣ್ಣದಲ್ಲ. 53ರಿಂದ ಓದತೊಡಗುವವರಿಗೆ ಸಿಗುವುದು ಸಂಕಟದ ಕಥೆ. ಕವಿತೆ ನಿಜವಾಗಿ ಶುರುವಾಗುವುದು ಏಳಿಗೆಯ ಘೋಷಣೆಯಿಂದ.

ಮೊದಲು ಮಾತಾಡುವವನು ದೇವರು. ತನ್ನ ಸೇವಕ ಎತ್ತರಕ್ಕೇರುತ್ತಾನೆ ಎನ್ನುತ್ತಾನೆ. ಮನುಷ್ಯನೇ ಅಲ್ಲವೇನೋ ಎನ್ನುವಷ್ಟು ರೂಪಗೆಟ್ಟಿದ್ದ ಅವನನ್ನು ಕಂಡು ಜನಾಂಗಗಳು ದಂಗಾಗುತ್ತವೆ, ಅರಸರ ಬಾಯಿ ಕಟ್ಟುತ್ತದೆ. ಅಷ್ಟರಲ್ಲಿ ದನಿ ಬದಲಾಗುತ್ತದೆ. ‘ನಾವು’ ಎಂದು ಯಾರೋ ಮಾತಿಗೆ ತೊಡಗುತ್ತಾರೆ. ಒಣನೆಲದಲ್ಲಿ ಮೊಳೆತ ಸಸಿಯಂತಿದ್ದ ಅವನಲ್ಲಿ ಕಣ್ಣು ನಿಲ್ಲುವಂಥದ್ದೇನೂ ಇರಲಿಲ್ಲ, ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ, ದೇವರ ಪೆಟ್ಟು ತಿಂದವನೆಂದು ದೂರ ಇಟ್ಟಿದ್ದೆವು ಎಂದು ಒಪ್ಪಿಕೊಳ್ಳುತ್ತಾರೆ. ಈಗ ತಿಳಿದದ್ದು ಬೇರೆ: ಅವನು ಹೊತ್ತದ್ದು ಅವರ ಕಾಯಿಲೆಯನ್ನು, ತಿಂದದ್ದು ಅವರ ತಪ್ಪಿನ ಏಟನ್ನು. ಕೊಯ್ಯಲು ಒಯ್ಯುವ ಕುರಿಯಂತೆ ಅವನು ಬಾಯಿ ತೆರೆಯಲಿಲ್ಲ. ಬದುಕಿರುವವರ ನಾಡಿನಿಂದ ಅವನನ್ನು ಕಡಿದುಹಾಕಿದರು, ದುಷ್ಟರ ಪಕ್ಕದಲ್ಲಿ ಗೋರಿ ಕೊಟ್ಟರು. ಆದರೂ ಅವನು ಸಂತತಿಯನ್ನು ಕಾಣುತ್ತಾನೆ, ಬಹುಕಾಲ ಬಾಳುತ್ತಾನೆ. ಕಟ್ಟಕಡೆಗೆ ದೇವರೇ ಅವನಿಗೆ ಬಲಿಷ್ಠರ ಜೊತೆ ಪಾಲು ಕೊಡುತ್ತಾನೆ.

ಇಷ್ಟು ಹೇಳುವ ಕವಿತೆ ಆ ಸೇವಕನ ಬಾಯಲ್ಲಿ ಒಂದು ಮಾತನ್ನೂ ಆಡಿಸುವುದಿಲ್ಲ. ಅವನ ಹೆಸರು, ಊರು, ಕಾಲ ಯಾವುದೂ ಇಲ್ಲ. ಈ ಮೌನವನ್ನು ಮುಖ್ಯವಾಗಿ ಎತ್ತಿಕೊಂಡವರು ಡೇವಿಡ್ ಕ್ಲೈನ್ಸ್. ‘ನಾನು’, ‘ಅವನು’, ‘ನಾವು’, ‘ಅವರು’ ಎಂಬ ನಾಲ್ಕು ಸರ್ವನಾಮಗಳ ನಡುವಿನ ಸಂಬಂಧವೇ ಈ ಕವಿತೆ, ಹೆಸರು ಹೇಳದಿರುವುದು ಅದರ ಕೊರತೆಯಲ್ಲ ಎಂದು 1976ರ ತಮ್ಮ ಕಿರುಪುಸ್ತಕದಲ್ಲಿ ವಾದಿಸಿದರು. ನನಗೂ ಇದು ಸರಿ ಎನಿಸುತ್ತದೆ. ಸೇವಕನಿಗೆ ಏನಾಯಿತು ಎನ್ನುವಷ್ಟೇ ಮುಖ್ಯವಾದ ಸಂಗತಿ ನೋಡುತ್ತಿದ್ದವರ ತೀರ್ಪು ತಲೆಕೆಳಗಾದದ್ದು. ಸಂಕಟ ಪಡುವವನು ಪಾಪಿಯೇ ಇರಬೇಕು ಎಂದು ನಂಬಿದ್ದವರು ತಮ್ಮ ನಂಬಿಕೆಯನ್ನೇ ತಪ್ಪೆಂದು ಸಾರುತ್ತಾರೆ. ಸೇವಕ ಯಾರು ಎಂಬ ಜಗ್ಗಾಟದಲ್ಲಿ ಈ ತಪ್ಪೊಪ್ಪಿಗೆ ಮರೆಗೆ ಸರಿದಿದೆ ಎಂಬುದು ನನ್ನ ದೂರು.

ಬಾಬೆಲಿನ ನೆರಳು

ಪ್ರವಾದಿ ಯೆಶಾಯ ಕ್ರಿ.ಪೂ. 8ನೇ ಶತಮಾನದವನು, ಅಸ್ಸೀರಿಯದ ಬೆದರಿಕೆಯ ದಿನಗಳ ಜೆರುಸಲೇಮಿನವನು. ಅವನ ಹೆಸರಿನ ಗ್ರಂಥದಲ್ಲಿ 40ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಕಾಲವೇ ಬೇರೆಯಾಗಿರುತ್ತದೆ. ಕ್ರಿ.ಪೂ. 587–586ರ ಹೊತ್ತಿಗೆ ಬಾಬೆಲಿನ ಸೇನೆ ನಗರವನ್ನೂ ದೇವಾಲಯವನ್ನೂ ಕೆಡವಿ ಜನರನ್ನು ಸೆರೆ ಒಯ್ದಿದೆ. ಬಿಡುಗಡೆ ಹತ್ತಿರ ಬಂದಿದೆ. ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದ ಪರ್ಷಿಯದ ಕೋರೆಷನ ಹೆಸರು 44:28ರಲ್ಲೂ 45:1ರಲ್ಲೂ ನೇರವಾಗಿ ಬರುತ್ತದೆ. ಹಾಗಾದರೆ ಈ ಅಧ್ಯಾಯಗಳು ಬೇರೊಬ್ಬನವಿರಬೇಕು ಎಂದು 12ನೇ ಶತಮಾನದ ಸ್ಪೇನಿನ ಯೆಹೂದಿ ವ್ಯಾಖ್ಯಾನಕಾರ ಅಬ್ರಹಾಂ ಇಬ್ನ್ ಎಜ್ರಾ ಮರೆಮಾತಿನಲ್ಲಿ ಸೂಚನೆ ಕೊಟ್ಟಿದ್ದರು. 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಡೊಡರ್ಲೈನ್ ಮತ್ತು ಐಖ್‌ಹಾರ್ನ್ ಅದನ್ನು ಬಿಚ್ಚಿ ಹೇಳಿದರು. 40ರಿಂದ 55ರವರೆಗಿನ ಅಧ್ಯಾಯಗಳನ್ನು ವಿದ್ವಾಂಸರು ಇಂದು ‘ಎರಡನೆಯ ಯೆಶಾಯ’ ಎನ್ನುತ್ತಾರೆ. ಇಡೀ ಗ್ರಂಥ ಒಬ್ಬನದೇ, ಮುಂದಾಗುವುದನ್ನು ಅವನು ಮೊದಲೇ ಕಂಡ ಎನ್ನುವವರು ಇಂದಿಗೂ ಇದ್ದಾರೆ. ಆದರೆ ಈ ಅಧ್ಯಾಯಗಳು ಸೆರೆಯವರನ್ನು ಕುರಿತು ಆಡಿದವು ಎಂಬುದನ್ನು ಅವರೂ ಒಪ್ಪುತ್ತಾರೆ.

1892ರಲ್ಲಿ ಬರ್ನ್‌ಹಾರ್ಡ್ ಡೂಮ್ ತಮ್ಮ ಭಾಷ್ಯದಲ್ಲಿ ನಾಲ್ಕು ಕವಿತೆಗಳನ್ನು ಪ್ರತ್ಯೇಕಿಸಿ ‘ಸೇವಕ ಗೀತೆಗಳು’ ಎಂದರು: 42:1–4, 49:1–6, 50:4–9, ಮತ್ತು ನಮ್ಮ ಕವಿತೆ. ಇವು ಬೇರೆ ಕೈಯವು, ಸುತ್ತಲಿನ ಅಧ್ಯಾಯಗಳಿಗೆ ಸೇರಿದವಲ್ಲ ಎಂಬುದು ಅವರ ನಿಲುವು. ಇದು ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಕವಿತೆಯನ್ನು ಸುತ್ತಲಿನಿಂದ ಬಿಡಿಸಿಕೊಂಡ ಮೇಲೆ ಸೇವಕನ ಜಾಗದಲ್ಲಿ ಯಾರನ್ನು ಬೇಕಾದರೂ ಕೂರಿಸಬಹುದು. ಸುಮಾರು ಒಂದು ಶತಮಾನ ಕಾಲ ಹಾಗೆಯೇ ಕೂರಿಸಿದರು. ಸ್ವೀಡನ್ನಿನ ಟ್ರಿಗ್ವೆ ಮೆಟಿಂಗರ್ 1983ರಲ್ಲಿ ‘ಸೇವಕ ಗೀತೆ’ ಎಂಬ ಪ್ರತ್ಯೇಕ ಗುಂಪೇ ಇಲ್ಲ, ಆ ಕಲ್ಪನೆಗೆ ವಿದಾಯ ಹೇಳೋಣ ಎಂದರು. ಎಲ್ಲರೂ ಒಪ್ಪಲಿಲ್ಲ, ಆದರೆ ಕವಿತೆಯನ್ನು ಅದರ ನೆರೆಹೊರೆಯ ಜೊತೆಗೇ ಓದಬೇಕು ಎಂಬ ಮಾತಿಗೆ ಮತ್ತೆ ಬಲ ಬಂತು.

ಮೊದಮೊದಲ ಓದುಗರು

ಈ ಕವಿತೆಯ ಗೊತ್ತಿರುವ ಅತಿ ಹಳೆಯ ವ್ಯಾಖ್ಯಾನ ಬೈಬಲಿನೊಳಗೇ ಇದೆ ಎಂದು ಎಚ್. ಎಲ್. ಗಿನ್ಸ್‌ಬರ್ಗ್ 1953ರಲ್ಲಿ ತೋರಿಸಿಕೊಟ್ಟರು. ಕ್ರಿ.ಪೂ. 2ನೇ ಶತಮಾನದಲ್ಲಿ ನಾಲ್ಕನೆಯ ಆಂಟಿಯೋಕಸನ ಹಿಂಸೆಯ ನಡುವೆ ರೂಪುಗೊಂಡ ದಾನಿಯೇಲನ ಗ್ರಂಥದ 11 ಮತ್ತು 12ನೇ ಅಧ್ಯಾಯಗಳಲ್ಲಿ ‘ಜ್ಞಾನಿಗಳು’ ಕತ್ತಿಗೆ ಬೀಳುತ್ತಾರೆ, ಅನೇಕರನ್ನು ಸನ್ಮಾರ್ಗಕ್ಕೆ ತಂದವರಾಗಿ ಕೊನೆಗೆ ನಕ್ಷತ್ರಗಳಂತೆ ಹೊಳೆಯುತ್ತಾರೆ. ಅವರನ್ನು ಬಣ್ಣಿಸುವ ಪದಗಳು ನಮ್ಮ ಕವಿತೆಯ ಮೊದಲ ಮತ್ತು ಕೊನೆಯ ಭಾಗದವು. ಅಂದರೆ ಆ ಲೇಖಕನಿಗೆ ಸೇವಕನೆಂದರೆ ಒಬ್ಬನಲ್ಲ, ನಂಬಿಕೆಗಾಗಿ ಸತ್ತ ಒಂದು ಗುಂಪು.

ಯೇಸುವಿನ ಶಿಷ್ಯರ ಕಾಲಕ್ಕೆ ಪ್ರಶ್ನೆ ನೇರವಾಗಿಯೇ ಎದ್ದಿತ್ತು. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಗಾಜಾದ ದಾರಿಯಲ್ಲಿ ರಥದಲ್ಲಿ ಕೂತು ಈ ಭಾಗವನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿ, ಪ್ರವಾದಿ ಇದನ್ನು ತನ್ನ ಬಗ್ಗೆ ಹೇಳಿಕೊಂಡನೋ ಬೇರೆಯವರ ಬಗ್ಗೆ ಹೇಳಿದನೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಉತ್ತರ ಗೊತ್ತಿದ್ದ ಲೇಖಕನೂ ಆ ಪ್ರಶ್ನೆ ಸಹಜವೆಂದೇ ಬರೆದಿದ್ದಾನೆ.

ಯೆಹೂದಿ ಪರಂಪರೆಯ ಅರಾಮಿಕ್ ಭಾಷಾಂತರವಾದ ತಾರ್ಗುಮಿನಲ್ಲಿ ಇನ್ನೊಂದು ಅಚ್ಚರಿ. ಅದು ಸೇವಕನನ್ನು ಮೆಸ್ಸೀಯನೆಂದೇ ಕರೆಯುತ್ತದೆ. ಆದರೆ ಅವನ ಸಂಕಟವನ್ನೆಲ್ಲ ಅವನಿಂದ ತೆಗೆದು ಬೇರೆಯವರ ಮೇಲಿಡುತ್ತದೆ: ಪಾಪದಿಂದ ಹಾಳಾದದ್ದು ದೇವಾಲಯ, ಅದನ್ನು ಮೆಸ್ಸೀಯ ಮತ್ತೆ ಕಟ್ಟುತ್ತಾನೆ, ವಧೆಗೆ ಹೋಗುವ ಕುರಿ ಶತ್ರು ಜನಾಂಗಗಳ ಬಲಿಷ್ಠರು. ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ಟಾಲ್ಮುಡ್‌ನಲ್ಲಂತೂ ಒಂದೇ ಉತ್ತರವಿಲ್ಲ. ಒಂದೆಡೆ ಕುಷ್ಠಪೀಡಿತ ಮೆಸ್ಸೀಯ, ಇನ್ನೊಂದೆಡೆ ಜನರ ಪಾಪಕ್ಕಾಗಿ ದೇವರ ಮುಂದೆ ಬೇಡಿದ ಮೋಶೆ, ಮತ್ತೊಂದೆಡೆ ಸಂಕಟ ಬಂದ ಯಾವ ನೀತಿವಂತನಾದರೂ ಸರಿ. ಅಂದಿನ ಓದಿಗೆ ಇದು ಗೊಂದಲವಾಗಿರಲಿಲ್ಲ. ಒಂದು ವಚನಕ್ಕೆ ಹಲವು ಅರ್ಥಗಳಿರಬಹುದು ಎಂಬುದು ಅವರ ನಂಬಿಕೆ.

ಇಡೀ ಜನಾಂಗವೇ ಸೇವಕ

ಸೇವಕನೆಂದರೆ ಇಸ್ರಾಯೇಲ್ ಎಂಬ ವಾದವನ್ನು 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಹೊಸದಾಗಿ ಕಟ್ಟಿದರು ಎಂದು ಹೇಳುವುದುಂಟು. ಇದು ತಪ್ಪು. ಕ್ರಿ.ಶ. 248ರ ಸುಮಾರಿಗೆ ಕ್ರೈಸ್ತ ವಿದ್ವಾಂಸ ಒರಿಜೆನ್, ತಾನು ವಾದಿಸಿದ ಯೆಹೂದಿ ಪಂಡಿತರು ಈ ಮಾತುಗಳನ್ನು ದೇಶದೇಶಕ್ಕೆ ಚದುರಿಹೋದ ತಮ್ಮ ಇಡೀ ಜನಕ್ಕೆ ಅನ್ವಯಿಸಿದರೆಂದು ಬರೆದಿಟ್ಟಿದ್ದಾನೆ. ಎದುರಾಳಿಯ ಬಾಯಿಂದ ಬಂದ ಸಾಕ್ಷ್ಯ ಇದು, ತಳ್ಳಿಹಾಕಲು ಆಗುವುದಿಲ್ಲ.

ರಾಶಿ (1040–1105) ಮಾಡಿದ್ದು ಆ ವಾದಕ್ಕೆ ಸಾಲುಸಾಲಾಗಿ ಮೈ ಕೊಟ್ಟದ್ದು. ಫ್ರಾನ್ಸಿನ ತ್ರುವಾದವರಾದ ಅವರು ಓದಿದ್ದು ರೈನ್ ನದಿಯ ದಡದ ಮೈನ್ಸ್ ಮತ್ತು ವೋರ್ಮ್ಸ್ ನಗರಗಳಲ್ಲಿ. 1096ರಲ್ಲಿ ಮೊದಲ ಧರ್ಮಯುದ್ಧಕ್ಕೆ ಹೊರಟ ಗುಂಪುಗಳು ಅದೇ ಊರುಗಳಲ್ಲಿ ಯೆಹೂದ್ಯರನ್ನು ಕೊಂದವು. ರಾಶಿಯ ಓದಿನಲ್ಲಿ ‘ನಾವು’ ಎಂದು ಮಾತಾಡುವವರು ಲೋಕದ ಜನಾಂಗಗಳು. ತಾವು ತುಚ್ಛವಾಗಿ ಕಂಡ ಜನ ತಮ್ಮ ಪಾಲಿನ ನೋವನ್ನೇ ಹೊತ್ತಿದ್ದರೆಂದು ಕೊನೆಗೆ ಅವರಿಗೆ ಹೊಳೆಯುತ್ತದೆ. ಆ ಕೊಲೆಗಳ ನೆರಳು ಈ ವ್ಯಾಖ್ಯಾನದ ಮೇಲಿದೆ ಎಂದು ಅನೇಕರು ಭಾವಿಸುತ್ತಾರೆ. ನನಗೂ ಅದನ್ನು ಬೇರೆ ರೀತಿ ಓದಲಾಗದು. ಇಬ್ನ್ ಎಜ್ರಾ ಈ ಭಾಗ ಬಹಳ ಕಠಿಣವೆಂದು ಒಪ್ಪಿಕೊಂಡೇ, ಹಿಂದಿನ ಮಾತೂ ಮುಂದಿನ ಮಾತೂ ಇಸ್ರಾಯೇಲನ್ನು ಕುರಿತಿರುವಾಗ ನಡುವಿನದು ಬೇರೆಯವರದಾಗುವುದು ಹೇಗೆ ಎಂದು ಕೇಳಿದರು. 1263ರಲ್ಲಿ ಬಾರ್ಸಿಲೋನಾದಲ್ಲಿ ಅರಾಗೋನಿನ ದೊರೆಯೆದುರು ನಡೆದ ವಾದದಲ್ಲಿ ಯೆಹೂದಿ ಧರ್ಮದಿಂದ ಕ್ರೈಸ್ತ ಧರ್ಮಕ್ಕೆ ಮತಾಂತರಗೊಂಡ ಪಾಬ್ಲೋ ಕ್ರಿಸ್ತಿಯಾನಿ ಈ ಅಧ್ಯಾಯವನ್ನು ಮುಂದಿಟ್ಟಾಗ ಯೆಹೂದಿ ಪಂಡಿತ ನಾಕ್ಮನಿಡೀಸ್ ಕೊಟ್ಟ ಉತ್ತರವೂ ಇದೇ: ನೇರ ಅರ್ಥದಲ್ಲಿ ಇದು ಇಸ್ರಾಯೇಲ್ ಜನಾಂಗ. ಆದರೆ ಹಳೆಯ ಕಥನಗಳು ಇದನ್ನು ಮೆಸ್ಸೀಯನಿಗೂ ಹೇಳುತ್ತವೆ ಎಂಬುದನ್ನು ಅವರು ಅಡಗಿಸಲಿಲ್ಲ. ಸೋತರೆ ಇಡೀ ಸಮುದಾಯಕ್ಕೆ ಗಂಡಾಂತರ ಎಂಬ ಕಡೆ ಅಷ್ಟು ಪ್ರಾಮಾಣಿಕವಾಗಿ ವಾದಿಸಿದ್ದು ಸಾಮಾನ್ಯ ಸಂಗತಿಯಲ್ಲ.

ಈ ಪಂಥದ ಬಲ ಸುತ್ತಲಿನ ಅಧ್ಯಾಯಗಳು. 41:8, 44:1, 44:21, 45:4, 49:3 – ಇಷ್ಟು ಕಡೆ ಸೇವಕ ಎಂದರೆ ಇಸ್ರಾಯೇಲ್ ಎಂದು ಹೆಸರು ಹಿಡಿದೇ ಹೇಳಿದೆ. ಸಾಯುವವನು, ಸಂತತಿ ಕಾಣುವವನು ಒಬ್ಬನೇ ಆಗುವುದು ಜನಾಂಗದ ವಿಷಯದಲ್ಲಿ ತೊಡಕಲ್ಲ. ಸೆರೆಯೇ ಸಾವು, ಮರಳಿ ಬರುವುದೇ ಜೀವ. ಎಡವುವ ಜಾಗಗಳೂ ಅಷ್ಟೇ ಸ್ಪಷ್ಟ. 42:19ರಲ್ಲಿ ಸೇವಕ ಕುರುಡ, ಕಿವುಡ. 53:9ರಲ್ಲಿ ಅವನಲ್ಲಿ ಹಿಂಸೆಯೂ ಇಲ್ಲ, ಮೋಸವೂ ಇಲ್ಲ. ಜನಾಂಗ ಸೆರೆಗೆ ಹೋದದ್ದು ತನ್ನದೇ ಪಾಪಕ್ಕೆ ಎಂದು ಈ ಗ್ರಂಥವೇ ಹಲವು ಸಲ ಹೇಳುತ್ತದೆ. 49:6ರಲ್ಲಿ ಸೇವಕನಿಗೆ ಇಸ್ರಾಯೇಲನ್ನೇ ಮರಳಿ ತರುವ ಕೆಲಸವಿದೆ. ಹಾಗಾಗಿ ಸೇವಕನೆಂದರೆ ಇಡೀ ಜನವಲ್ಲ, ಅದರೊಳಗಿನ ನಿಷ್ಠಾವಂತರ ಪಾಲು ಎಂದು ವಾದವನ್ನು ತಿದ್ದಿಕೊಂಡವರಿದ್ದಾರೆ. ಕ್ರಿ.ಪೂ. 6ನೇ ಶತಮಾನದ ಗ್ರಂಥವಾಗಿ ಓದಿದರೆ ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಈ ತಿದ್ದಿದ ರೂಪ.

ಬರಲಿರುವ ಮೆಸ್ಸೀಯ

ಕ್ರೈಸ್ತ ಓದು ಭವಿಷ್ಯವಾಣಿಯೊಂದು ಫಲಿಸಿತು ಎಂಬಷ್ಟೇ ಸರಳ ವಾದವಲ್ಲ. ಶಿಲುಬೆಯ ಸಾವು ಮೊದಲ ಶಿಷ್ಯರಿಗೆ ವಿವರಿಸಲಾಗದ ಆಘಾತ. ದೇವರ ಅಭಿಷಿಕ್ತನು ಅಪರಾಧಿಯಂತೆ ಸತ್ತದ್ದು ಹೇಗೆ ಎಂಬುದಕ್ಕೆ ಅವರಿಗೆ ಭಾಷೆ ಕೊಟ್ಟದ್ದು ಈ ಕವಿತೆ. ಕ್ರೈಸ್ತ ಲೇಖಕ ಜಸ್ಟಿನ್ 2ನೇ ಶತಮಾನದಲ್ಲಿ ಬರೆದ ಸಂವಾದದಲ್ಲಿ ಯೆಹೂದ್ಯನಾದ ಟ್ರೈಫೋ, ಮೆಸ್ಸೀಯನು ಸಂಕಟ ಪಡಬೇಕು ಎಂಬುದನ್ನು ಒಪ್ಪುತ್ತಾನೆ. ಅವನಿಗೆ ನುಂಗಲಾಗದ್ದು ಶಿಲುಬೆಯ ಶಾಪದ ಸಾವು. ಕವಿತೆಯಲ್ಲಿ ಬರುವ ನಿರಪರಾಧಿತ್ವ, ಮೌನ, ಬೇರೆಯವರಿಗಾಗಿ ಪಟ್ಟ ನೋವು, ಸಾವಿನಾಚೆಯ ಏಳಿಗೆ ಈ ನಾಲ್ಕೂ ಒಟ್ಟಿಗೆ ಬಂದು ಕೂಡುವುದು ಈ ಓದಿನಲ್ಲೇ. 53:10ರಲ್ಲಿ ಸೇವಕನ ಪ್ರಾಣವನ್ನು ಯಾಜಕಕಾಂಡದ ಪ್ರಾಯಶ್ಚಿತ್ತ ಯಜ್ಞದ ಹೆಸರಿನಿಂದ ಕರೆದಿರುವುದಂತೂ ಇದಕ್ಕೆ ದೊಡ್ಡ ಆಧಾರ.

ತೊಡಕು ಎಲ್ಲಿದೆ? ಕವಿತೆಯಲ್ಲಿ ಮೆಸ್ಸೀಯ ಎಂಬ ಮಾತೂ ಇಲ್ಲ, ದಾವೀದನ ವಂಶದ ಸುಳಿವೂ ಇಲ್ಲ. ಈ ಅಧ್ಯಾಯಗಳಲ್ಲಿ ಅಭಿಷಿಕ್ತ ಎನಿಸಿಕೊಂಡವನು ಕೋರೆಷ. ಸೆರೆಯಲ್ಲಿದ್ದವರಿಗೆ ಐದಾರು ಶತಮಾನಗಳ ಮುಂದಿನ ಮಾತು ಯಾವ ಸಾಂತ್ವನವಾದೀತು ಎಂಬ ಪ್ರಶ್ನೆಯೂ ಉಳಿಯುತ್ತದೆ. ಹೆಚ್ಚಿನ ಕ್ರೈಸ್ತ ವಿದ್ವಾಂಸರು ಇಂದು ಎರಡು ಹಂತಗಳಲ್ಲಿ ಓದುತ್ತಾರೆ: ಅಂದಿನವರಿಗೆ ಒಂದು ಅರ್ಥ, ಯೇಸುವಿನಲ್ಲಿ ಅದರ ಪೂರ್ಣತೆ. 17ನೇ ಶತಮಾನದಲ್ಲೇ ಹ್ಯೂಗೋ ಗ್ರೋಷಿಯಸ್ ಮೊದಲ ಅರ್ಥದಲ್ಲಿ ಪ್ರವಾದಿ ಯೆರೆಮೀಯ, ಮೇಲಿನ ಅರ್ಥದಲ್ಲಿ ಕ್ರಿಸ್ತ ಎಂದು ಈ ದಾರಿ ಹಿಡಿದಿದ್ದರು.

ಒಬ್ಬ ಮನುಷ್ಯನ ಹುಡುಕಾಟ

ಮೂರನೆಯವರು ಕವಿತೆಯ ಹಿಂದೆ ನಿಜವಾಗಿ ಬದುಕಿದ್ದ ಒಬ್ಬನನ್ನು ಹುಡುಕಿದರು. 10ನೇ ಶತಮಾನದ ಸಾದಿಯಾ ಗಾವೋನ್ ಯೆರೆಮೀಯನೆಂದರು. ಅದಕ್ಕೆ ಕಾರಣವೂ ಇದೆ, ವಧೆಗೆ ಒಯ್ಯುವ ಕುರಿಮರಿಯ ಚಿತ್ರ ಯೆರೆಮೀಯ 11:19ರಲ್ಲಿ ಅವನ ಬಾಯಲ್ಲೇ ಬಂದಿದೆ. ಡೂಮ್ ಕುಷ್ಠರೋಗಿಯಾದ ಒಬ್ಬ ಧರ್ಮಬೋಧಕನನ್ನು ಕಂಡರು. ಅರ್ನ್ಸ್ಟ್ ಸೆಲ್ಲಿನ್ ಒಮ್ಮೆ ಒಬ್ಬನ ಹೆಸರು ಹೇಳಿ ಮತ್ತೊಮ್ಮೆ ಇನ್ನೊಬ್ಬನಿಗೆ ಬಂದರು. ಹಾಗೆ ಅವರು ಸೇವಕನೆಂದು ಕಂಡವರಲ್ಲಿ ಒಬ್ಬನಾದ ಮೋಶೆಯನ್ನು ಅವನ ಜನರೇ ಕೊಂದರೆಂಬ ಅವರ ಊಹೆಯನ್ನು ಫ್ರಾಯ್ಡ್ ತಮ್ಮ ಕೊನೆಯ ಪುಸ್ತಕಕ್ಕೆ ಎತ್ತಿಕೊಂಡರು. ಇವುಗಳಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ಸೇವಕನು ಎರಡನೆಯ ಯೆಶಾಯನೇ ಎಂಬ ವಾದ. ಮೋವಿಂಕೆಲ್ 1921ರಲ್ಲಿ ಅದನ್ನು ಮಂಡಿಸಿದರು. ವೈಬ್ರೆ 1978ರಲ್ಲಿ ಇನ್ನೂ ಮುಂದೆ ಹೋಗಿ, ಬಾಬೆಲಿನವರು ಸೆರೆಯಲ್ಲಿಟ್ಟಿದ್ದ ಪ್ರವಾದಿ ಬಿಡುಗಡೆಯಾಗಿ ಬಂದಾಗ ಅವನ ಕಡೆಯವರು ಹಾಡಿದ ಕೃತಜ್ಞತೆಯ ಹಾಡು ಇದು, ಅವನು ಸತ್ತೇ ಇರಲಿಲ್ಲ ಎಂದರು.

ಸುರುಳಿಯ ಸಾಕ್ಷ್ಯ

1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಯೆಶಾಯನ ಗ್ರಂಥದ ಪೂರ್ತಿ ಸುರುಳಿ ಸಿಕ್ಕಿತು. ಏಳು ಮೀಟರಿಗೂ ಹೆಚ್ಚು ಉದ್ದದ, 54 ಅಂಕಣಗಳ ಈ ಚರ್ಮದ ಸುರುಳಿ ಕ್ರಿ.ಪೂ. 2ನೇ ಶತಮಾನದ್ದು, ಅಲ್ಲಿಯವರೆಗೆ ಕೈಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಸಾವಿರ ವರ್ಷ ಹಳೆಯದು. ಕ್ರೈಸ್ತರು ಹುಟ್ಟುವ ಮೊದಲೇ ಈ ಅಧ್ಯಾಯ ಹೀಗೆಯೇ ಇತ್ತು ಎಂಬುದು ಖಚಿತವಾಯಿತು. ಯಾರೋ ತಿದ್ದಿದರೆಂಬ ಸಂಶಯಕ್ಕೆ ಜಾಗ ಉಳಿಯಲಿಲ್ಲ.

ಆದರೆ ಸಣ್ಣ ವ್ಯತ್ಯಾಸಗಳು ದೊಡ್ಡ ಪ್ರಶ್ನೆಗಳನ್ನು ಎಬ್ಬಿಸಿದವು. 53:11ರಲ್ಲಿ ಪರಂಪರೆಯ ಹೀಬ್ರೂ ಪಾಠದ ಪ್ರಕಾರ ಸೇವಕ ಕಷ್ಟಪಟ್ಟ ಮೇಲೆ ‘ಕಾಣುತ್ತಾನೆ’. ಏನನ್ನು ಎಂದು ಹೇಳಿಲ್ಲ. ಸುರುಳಿಯಲ್ಲಿ ‘ಬೆಳಕು’ ಎಂಬ ಪದವಿದೆ. ಹಳೆಯ ಗ್ರೀಕ್ ಭಾಷಾಂತರದಲ್ಲೂ ಅದಿದೆ. ಸತ್ತವನು ಮತ್ತೆ ಬೆಳಕು ಕಾಣುತ್ತಾನೆ ಎಂಬಂತೆ ಓದಲು ಅದು ದಾರಿ ಮಾಡಿಕೊಡುತ್ತದೆ. ಇನ್ನು 52:14ರಲ್ಲಿ ಸುರುಳಿಯ ಒಂದು ಹೆಚ್ಚುವರಿ ಅಕ್ಷರದಿಂದ ‘ರೂಪಗೆಟ್ಟ’ ಎಂಬುದು ‘ನಾನು ಅಭಿಷೇಕಿಸಿದೆ’ ಎಂದಾಗಬಹುದು. ಮೊದಲನೆಯದನ್ನು ಅನೇಕ ಭಾಷಾಂತರಕಾರರು ಒಪ್ಪಿಕೊಂಡಿದ್ದಾರೆ, ಎರಡನೆಯದನ್ನು ಒಪ್ಪಿದವರು ಕಡಿಮೆ.

ನೋವು ಹೊರಬೇಕಾದವರು ಯಾರು

ಕಳೆದ ಅರ್ಧ ಶತಮಾನದಲ್ಲಿ ಪ್ರಶ್ನೆ ಇನ್ನೊಂದು ಕಡೆಯಿಂದ ಬಂದಿದೆ, ಮತ್ತು ಅದರಲ್ಲಿ ಬೆಂಗಳೂರಿನ ಪಾಲಿದೆ. 1981ರಲ್ಲಿ ಅಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ್ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಒಂದು ರೂಪ ಪಡೆಯತೊಡಗಿತು. ನೋಡಿದವರು ಮುಖ ತಿರುಗಿಸುವ, ಮುಟ್ಟಬಾರದವನಂತೆ ದೂರ ಇಟ್ಟ ಈ ಸೇವಕನಲ್ಲಿ ನಿರ್ಮಲ್ ದಲಿತನನ್ನು ಕಂಡರು. ಸೇವೆಯ ಕೀಳು ಕೆಲಸ ಮಾಡುವ ದೇವರೇ ದಲಿತರ ದೇವರು ಎಂದರು. ಗುಲಾಮಿತನವನ್ನು ಹೊತ್ತವರ ಕಣ್ಣಿನಿಂದ ಈ ಕವಿತೆಯನ್ನು ಓದಿದಾಗ ‘ನಾವು’ ಎಂದು ಮಾತಾಡುವವರ ಜಾಗದಲ್ಲಿ ಮೇಲಿನವರು ನಿಲ್ಲಬೇಕಾಗುತ್ತದೆ. ಇದು ಕವಿತೆಯ ನಡುಭಾಗಕ್ಕೆ ಹತ್ತಿರವಾದ ಓದು ಎಂದು ನಾನು ತಿಳಿಯುತ್ತೇನೆ.

ಆದರೆ ಇದರ ಇನ್ನೊಂದು ಮುಖವನ್ನು ದಲಿತ ದೇವಶಾಸ್ತ್ರಜ್ಞರೇ ತೋರಿಸಿದ್ದಾರೆ. ಪೇತ್ರನ ಮೊದಲ ಪತ್ರದ 2ನೇ ಅಧ್ಯಾಯ ಈ ಕವಿತೆಯ ಮಾತುಗಳನ್ನು ಮನೆಯಾಳುಗಳಿಗೆ ಹೇಳುತ್ತದೆ; ಕ್ರೂರಿಯಾದ ಯಜಮಾನನಿಗೂ ಅಧೀನರಾಗಿರಿ, ಕ್ರಿಸ್ತನೂ ಹಾಗೆ ಸಹಿಸಿದ ಎಂಬ ಅರ್ಥದಲ್ಲಿ. ಮೌನವಾಗಿ ನೋವುಣ್ಣುವುದೇ ಪುಣ್ಯವೆಂದು ಕಲಿಸಿದರೆ ಹೊಡೆಯುವವನಿಗೆ ಅನುಕೂಲ. ಸ್ತ್ರೀವಾದಿ ಓದುಗರೂ ಇದೇ ಮಾತನ್ನು ಒತ್ತಿ ಹೇಳಿದ್ದಾರೆ. ಕವಿತೆ ನೋವನ್ನು ಹೊಗಳುತ್ತದೆಯೋ, ನೋವು ಕೊಟ್ಟವರಿಂದ ತಪ್ಪೊಪ್ಪಿಗೆ ಪಡೆಯುತ್ತದೆಯೋ? ಎರಡನೆಯದೆಂದು ನಾನು ನಂಬುತ್ತೇನೆ. ಆದರೆ ಮೊದಲನೆಯ ಓದಿನಿಂದ ಆದ ಅನ್ಯಾಯ ಸುಳ್ಳಲ್ಲ.

ಇನ್ನೂ ತೀರದ ಪ್ರಶ್ನೆಗಳು

ಸೇವಕ ಸತ್ತನೇ? ಕಡಿದುಹಾಕಿದರು, ಗೋರಿ ಕೊಟ್ಟರು ಎಂಬ ಮಾತುಗಳನ್ನು ಹಾಗೆಯೇ ತೆಗೆದುಕೊಳ್ಳುವವರು ಹೆಚ್ಚು. ಆದರೆ ಕೀರ್ತನೆಗಳಲ್ಲಿ ಬದುಕಿರುವವರೂ ತಾವು ಪಾತಾಳಕ್ಕೆ ಇಳಿದೆವು ಎಂದು ಹೇಳಿಕೊಳ್ಳುವುದುಂಟು. ವೈಬ್ರೆಯ ವಾದಕ್ಕೆ ಅದೇ ಆಸರೆ. 53:10ರ ಯಜ್ಞದ ಮಾತು ನಿಜವಾಗಿ ಬಲಿಯದೋ, ನಷ್ಟ ಕಟ್ಟಿಕೊಡುವ ವ್ಯವಹಾರದಿಂದ ಬಂದದ್ದೋ ಎಂಬುದೂ ಇತ್ಯರ್ಥವಾಗಿಲ್ಲ.

ಯೇಸು ತನ್ನನ್ನು ತಾನೇ ಈ ಸೇವಕನೆಂದು ತಿಳಿದಿದ್ದನೇ ಎಂಬುದು ಇನ್ನೊಂದು. ಹೌದು ಎಂದು ಯೋವಾಕಿಂ ಯೆರೆಮಿಯಾಸ್ ದೊಡ್ಡ ಪ್ರಮಾಣದಲ್ಲಿ ಸಾಕ್ಷ್ಯ ಕೂಡಿಸಿದರು. ಮೋರ್ನಾ ಹೂಕರ್ 1959ರಲ್ಲಿ ಅದನ್ನೆಲ್ಲ ಒಂದೊಂದಾಗಿ ತೂಗಿ, ಆ ಜೋಡಣೆ ನಂತರದ ಸಭೆಯದು ಎಂದರು. ಲೂಕ 22:37ರಲ್ಲಿ ಯೇಸುವಿನ ಬಾಯಲ್ಲಿ ಈ ಅಧ್ಯಾಯದ ಮಾತು ನೇರವಾಗಿ ಬರುತ್ತದೆ; ಆದರೆ ಅಲ್ಲಿ ಎತ್ತಿಕೊಂಡಿರುವುದು ಅಪರಾಧಿಗಳ ಜೊತೆ ಎಣಿಕೆಯಾದದ್ದನ್ನು, ಬೇರೆಯವರ ಪಾಪ ಹೊತ್ತದ್ದನ್ನಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ‘ನಾವು’ ಎನ್ನುವವರು ಯಾರು ಎಂಬುದು. ಬೆರಗಾದ ಅರಸರೇ ಮುಂದುವರಿದು ಮಾತಾಡುತ್ತಿದ್ದರೆ ಸೇವಕ ಇಸ್ರಾಯೇಲ್ ಆಗುವುದು ಸುಲಭ. ಮಾತಾಡುವವರು ಇಸ್ರಾಯೇಲರಾದರೆ ಸೇವಕ ಅವರೊಳಗಿನ ಒಬ್ಬನೋ ಕೆಲವರೋ ಆಗಬೇಕು. 53:8ರಲ್ಲಿ ಸೇವಕನಿಗೆ ಪೆಟ್ಟು ಬಿದ್ದದ್ದು ‘ನನ್ನ ಜನ’ದ ಅಪರಾಧಕ್ಕಾಗಿ ಎಂದು ಪರಂಪರೆಯ ಪಾಠ ಹೇಳುತ್ತದೆ. ಕುಮ್ರಾನಿನ ಸುರುಳಿಯಲ್ಲಿ ಅದು ‘ಅವನ ಜನ’. ಎರಡಕ್ಕೂ ನಡುವೆ ಇರುವುದು ಕೊನೆಯ ಒಂದೇ ಅಕ್ಷರ, ಆ ಕಾಲದ ಬರಹದಲ್ಲಿ ಒಂದರಂತೆ ಇನ್ನೊಂದು ಕಾಣುವ ಎರಡು ಗೆರೆಗಳು. ಅದೇ ವಚನದ ಕೊನೆಯಲ್ಲಿ ಪೆಟ್ಟು ಬಿದ್ದದ್ದು ‘ಅವನಿಗೆ’ ಎಂದೋ ‘ಅವರಿಗೆ’ ಎಂದೋ ಎಂಬುದೂ ತೀರ್ಮಾನವಾಗಿಲ್ಲ. ಅಲ್ಲಿರುವ ಪದ ಸಾಮಾನ್ಯವಾಗಿ ಬಹುವಚನದ್ದು, 44:15ರಲ್ಲಿ ಏಕವಚನದಂತೆ ಬಳಕೆಯಾಗಿದೆ. ಗ್ರೀಕ್ ಭಾಷಾಂತರಕಾರ ಅದೇ ಜಾಗದಲ್ಲಿ ‘ಸಾವಿಗೆ’ ಎಂದು ಓದಿಕೊಂಡಿದ್ದಾನೆ.